ಎಡಗೈಯ ಸಹಿ

ಫುಟ್‌ಬಾಲ್ ವಿಶ್ವಕಪ್ ಮುಗಿದ ಮರು ವರ್ಷ ನಾನು ದೋಹಾದ ಒಂದು ದೊಡ್ಡ ಹೋಟೆಲಿನಲ್ಲಿ ಟ್ರೈನಿಂಗ್ ಆಂಡ್ ಕಂಪ್ಲಯನ್ಸ್ ಆಫೀಸರ್ ಆಗಿದ್ದೆ. ಹೆಸರಷ್ಟೇ ದೊಡ್ಡದು. ಸಿಬ್ಬಂದಿಗೆ ನಿಯಮ ಹೇಳಿಕೊಡುವುದು, ಹೇಳಿಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳುವುದು ನನ್ನ ಕೆಲಸ. ಕತಾರಿನಲ್ಲಿ ಲೈಸೆನ್ಸ್ ಇರುವ ಹೋಟೆಲು ಮದ್ಯ ಬಡಿಸಬಹುದು, ಆದರೆ ಇಪ್ಪತ್ತೊಂದು ತುಂಬದವರಿಗೆ ಕೊಡುವಂತಿಲ್ಲ. ಅನುಮಾನ ಬಂದರೆ ಕತಾರ್ ಐಡಿ, ಅಂದರೆ ಇಲ್ಲಿನ ವಾಸದ ಕಾರ್ಡು, ನೋಡಲೇಬೇಕು.

ಇದಕ್ಕಾಗಿ ಒಂದು ಫಾರ್ಮ್ ಮಾಡಿದ್ದೆ. 'ವಯಸ್ಸು ಪರೀಕ್ಷಿಸದೆ ಮದ್ಯ ಕೊಡುವುದಿಲ್ಲ' ಎಂಬ ಸಾಲಿನ ಕೆಳಗೆ ವೇಟರುಗಳೆಲ್ಲ ಸಹಿ ಹಾಕಬೇಕು. ಮ್ಯಾನೇಜರುಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅವರಿಗೆ ಗೊತ್ತಿಲ್ಲದ್ದೇನು ಎಂಬ ಧೋರಣೆ ನನ್ನದು. ಇನ್ನು ತರಬೇತಿಯೆಂದರೆ ಶಿಫ್ಟಿಗೆ ಮುಂಚಿನ ಐದು ನಿಮಿಷ. ತಡವಾಗಿ ಬಂದವರನ್ನು ಅಡುಗೆಮನೆಯ ಬಾಗಿಲಲ್ಲೇ ಹಿಡಿದು ಸಹಿ ಮಾಡಿಸುತ್ತಿದ್ದೆ. ನೇಪಾಳದ ವೇಟರ್ ಸುಜನನದ್ದೂ ಹಾಗೆಯೇ ಆಯಿತು. ಬಲಗೈಯಲ್ಲಿ ತಟ್ಟೆಗಳಿದ್ದುದರಿಂದ ಎಡಗೈಯಲ್ಲಿ ಗೀಚಿ ಹೋದ. ಓದಿಕೋ ಎಂದು ನಾನು ಹೇಳಲಿಲ್ಲ.

ಒಂದು ಶುಕ್ರವಾರ ಸಂಜೆ ನಮ್ಮ ಕರಾವಳಿಯ ಕ್ಯಾಥೊಲಿಕ್ ಕುಟುಂಬವೊಂದರ ಮದುವೆಯ ಇಪ್ಪತ್ತೈದನೇ ವರ್ಷದ ಔತಣ ನಮ್ಮ ಹೋಟೆಲಿನ ಸಭಾಂಗಣದಲ್ಲಿತ್ತು. ನನಗೂ ಆಮಂತ್ರಣವಿತ್ತು. ಇಂಥ ಸಮಾರಂಭದಲ್ಲಿ ಟೋಸ್ಟ್ ಎತ್ತುವಾಗ, ಅಂದರೆ ದಂಪತಿಗೆ ಶುಭ ಕೋರಿ ಎಲ್ಲರೂ ಗ್ಲಾಸು ಎತ್ತುವಾಗ, ಯಾರ ಕೈಯೂ ಖಾಲಿ ಇರಬಾರದು. ಊರಿನಲ್ಲಾದರೆ ಮಕ್ಕಳ ಗ್ಲಾಸಿಗೂ ಒಂದು ಗುಟುಕು ವೈನ್ ಬೀಳುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳ ಮೇಜಿನ ಹತ್ತಿರ ಸುಜನ್ ಬಾಟಲಿ ಹಿಡಿದು ನಿಂತುಬಿಟ್ಟ. "ಐಡಿ, ಸರ್?" ಎಂದು ಔತಣಗಳ ಉಸ್ತುವಾರಿ ನೋಡುವ ಬ್ಯಾಂಕ್ವೆಟ್ ಮ್ಯಾನೇಜರ್ ಲಾರೆನ್ಸರನ್ನು ಕೇಳಿದ.

"ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಪಡಿಸಿ ಅವರು ಕೈಬೀಸಿ, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದರು. "ಟೋಸ್ಟಿಗೆ ಎಂತದು ಮಾರಾಯ್ರೆ ಐಡಿ? ಎಲ್ಲ ನಮ್ಮ ಊರಿನ ಮಕ್ಕಳೇ ಅಲ್ವಾ?"

ನಾನು ನಕ್ಕೆ. ಸುಜನ್ ಬಡಿಸಿದ.

ಆ ಮೇಜಿನಲ್ಲಿ ಹದಿನೇಳರ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಫೋಟೋಗೆ ಎದ್ದುಹೋದಾಗ ಸುತ್ತಲಿನ ಗ್ಲಾಸುಗಳಲ್ಲಿ ಉಳಿದದ್ದನ್ನೂ ಕುಡಿದಳು. ಸ್ವಲ್ಪ ಹೊತ್ತಿನಲ್ಲೇ ಅಮೃತಶಿಲೆಯ ಮೆಟ್ಟಿಲ ಮೇಲಿಂದ ಉರುಳಿ ತಲೆ ಒಡೆದುಕೊಂಡಳು. ಅವಳ ತಾಯಿಯ ಕೂಗು ಸಂಗೀತವನ್ನೂ ಮೀರಿ ಕೇಳಿಸಿತು.

ಆಸ್ಪತ್ರೆಯಿಂದ ವಿಷಯ ಪೊಲೀಸರಿಗೆ ಹೋಯಿತು. ಬಡಿಸಿದವರು ಯಾರು ಎಂದು ಅವರು ಕೇಳಿದರು. ಮರುದಿನ ಜನರಲ್ ಮ್ಯಾನೇಜರ್ ನನ್ನ ಫಾರ್ಮ್ ತರಿಸಿ ಸುಜನನ ಸಹಿಯ ಮೇಲೆ ಬೆರಳಿಟ್ಟರು. "ಇವನಿಗೆ ತರಬೇತಿ ಆಗಿದೆ. ನಿಯಮ ಮುರಿದಿದ್ದಾನೆ. ಖಲಾಸ್." ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಒರೆಸುವ ಬಟ್ಟೆ ಹೊಲಿದುಕೊಟ್ಟವನು ನಾನು.

ಮಧ್ಯಾಹ್ನ ಲಾರೆನ್ಸ್ ನನ್ನ ಕೋಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ನನ್ನ ತಂದೆ ತೀರಿಕೊಂಡಾಗ ಟಿಕೆಟ್ ಮಾಡಿಸಿ ವಿಮಾನ ನಿಲ್ದಾಣದವರೆಗೆ ಬಿಟ್ಟವರು. "ನನ್ನ ಹೆಸರು ಬಂದ್ರೆ ಮಕ್ಕಳ ಶಾಲೆ, ಇಲ್ಲಿ ವಕ್ರಾದಲ್ಲಿರುವ ಮನೆ ಎಲ್ಲ ಹೋಯ್ತು ಮಾರಾಯ್ರೆ. ಸುಜನ್ ಆದ್ರೆ ಒಬ್ಬನೇ ಇರುವುದು. ಎಲ್ಲಿಯಾದ್ರೂ ಕೆಲ್ಸ ಸಿಗ್ತದೆ ಅವನಿಗೆ" ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನನ್ನ ಹೇಡಿತನಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಎರಡು ದಿನ ಹಾಗೆಯೇ ಕಳೆದವು. ಮೂರನೆಯ ದಿನ, ವಜಾ ಆದೇಶ ಕೈಗೆ ಸಿಕ್ಕ ಮೇಲೆ, ಸುಜನ್ ಬಂದ. ಯೂನಿಫಾರ್ಮ್ ವಾಪಸ್ ಕೊಟ್ಟು, ರಸೀದಿಗೆ ನನ್ನ ಸಹಿ ಬೇಕೆಂದು ನಿಂತ. ನಾನು ಪೆನ್ನು ತೆಗೆಯುವಾಗ ಮೆಲ್ಲಗೆ ಹೇಳಿದ: "ಸರ್, ಆಪ್ ಭೀ ತೋ ವಹೀಂ ಥೇ." ನೀವೂ ಅಲ್ಲೇ ಇದ್ದಿರಲ್ಲ ಎಂದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅವನು ಹೊರಟ ಮೇಲೆ ಕೂತು ನಡೆದದ್ದೆಲ್ಲ ಬರೆದೆ. ಸುಜನ್ ಐಡಿ ಕೇಳಿದ್ದ, ಲಾರೆನ್ಸ್ ಬೇಡವೆಂದರು, ನಾನು ನಕ್ಕೆ. ಫಾರ್ಮಿನ ಸಹಿ ತರಬೇತಿಯಿಲ್ಲದೆ ತೆಗೆದುಕೊಂಡದ್ದು. ಕೆಳಗೆ ನನ್ನ ಹೆಸರು ಹಾಕಿ ಹೋಟೆಲಿಗೂ ಪೊಲೀಸರಿಗೂ ಕೊಟ್ಟೆ. ಪೊಲೀಸರು ಸುಜನನನ್ನು ವಿಚಾರಣೆಗೆ ಕರೆಯುವುದನ್ನು ಬಿಟ್ಟರು. ಲಾರೆನ್ಸ್ ಕೆಲಸ ಕಳೆದುಕೊಂಡು ಸಂಸಾರ ಸಮೇತ ಊರಿಗೆ ಮರಳಿದರು. ಇಂದಿಗೂ ಅವರು ನನ್ನೊಡನೆ ಮಾತಾಡುವುದಿಲ್ಲ. ನನಗೆ ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ಆದರೆ ಸುಜನನ ವಜಾ ಆದೇಶವನ್ನು ಹೋಟೆಲು ಹಿಂತೆಗೆದುಕೊಳ್ಳಲಿಲ್ಲ. ಮುಗಿದ ಫೈಲು ಎಂದರು. ಅವನು ಕಠ್ಮಂಡುವಿನ ವಿಮಾನ ಹತ್ತಿದ.

ಹುಡುಗಿ ಬದುಕಿದಳು. ಮಾತಿನ ಮಧ್ಯೆ ಪದ ಸಿಗದೆ ನಿಂತುಬಿಡುತ್ತಾಳೆ ಎಂದು ಅವಳ ತಂದೆ ಹೇಳಿದರು.

ಈಗ ಫಾರ್ಮ್ ಬದಲಾಗಿದೆ. ಮೊದಲ ಸಹಿ ಮ್ಯಾನೇಜರದ್ದು, ಎರಡನೆಯದು ನನ್ನದು, ವೇಟರುಗಳದ್ದು ಆಮೇಲೆ. 'ಬೇಡ' ಎನ್ನುವ ಅಧಿಕಾರ ಯಾರಿಗಿದೆಯೋ ಹೊಣೆಯೂ ಅವರದೇ ಎಂಬುದನ್ನು ಈ ಕೆಲಸ ನನಗೆ ಕಲಿಸಿತು, ಇನ್ನೊಬ್ಬನ ಅನ್ನ ಕಳೆದು ಕಲಿಸಿತು. ಹೊಸ ಮ್ಯಾನೇಜರುಗಳು ತಮ್ಮ ಸಹಿ ಏಕೆ ಮೊದಲು ಎಂದು ಕೇಳಿದರೆ ನಾನು ಭಾಷಣ ಮಾಡುವುದಿಲ್ಲ. ಡ್ರಾಯರಿನಿಂದ ಹಳೆಯ ಹಾಳೆ ತೆಗೆದು ಎಡಗೈಯ ಆ ಸಹಿಯನ್ನು ತೋರಿಸುತ್ತೇನೆ. ಅವನ ಬಲಗೈಯಲ್ಲಿ ಆಗ ನಮ್ಮ ತಟ್ಟೆಗಳಿದ್ದವು ಎನ್ನುತ್ತೇನೆ.