ರಿಬೇರಾ ಬೋಟೆಯ ಮಾಂತೆನ್ಯ ಹೊತ್ತ ನಾವಿಕ

ನಮ್ಮ ದ್ವೀಪದ ಬಂದರು ಪಟ್ಟಣವಾದ ಮಿಂದೆಲುವಿನ ನಾವಿಕರ ಸಂಘದಲ್ಲಿ ಕಳೆದ ತಿಂಗಳು ನ್ಯೋ ಕ್ರಿಸಾಂತು ಡೆಲ್ಗಾಡು ಅವರ ಸ್ಮರಣೆಗಾಗಿ ಸಭೆಯೊಂದು ನಡೆಯಿತು. ನ್ಯೋ ಎಂದರೆ ನಮ್ಮಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವ ಮಾತು, ಹೆಂಗಸರಿಗಾದರೆ ನ್ಯಾ. ಹೊರಗಿನಿಂದ ಕರೆಸಿದ್ದ ಭಾಷಣಕಾರರು ಅವರನ್ನು ಸಾಂತು ಆಂತಾವು ದ್ವೀಪದವರೆಂದರು. ಅದು ತಪ್ಪು, ಅವರು ಇದೇ ಪಟ್ಟಣದ ರಿಬೇರಾ ಬೋಟೆ ಕೇರಿಯಲ್ಲಿ, ನನ್ನ ತಂದೆಯ ಮನೆಯಿಂದ ಮೂರನೆಯ ಮನೆಯಲ್ಲಿ ಹುಟ್ಟಿದವರು. ಹಡಗಿನ ಅಡುಗೆಯವರೆಂದರು. ಅದೂ ತಪ್ಪು, ಅವರು ಇಂಜಿನ್ನಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದರು, ಅವರಿಗೆ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ. ಇವನ್ನು ಕ್ಷಮಿಸಬಹುದು. ಕೊನೆಗೆ ಆ ಮಹನೀಯರು ಕೈಯೆತ್ತಿ, “ಇಡೀ ಲೋಕ ಸುತ್ತಿದರೂ ಯಾರಿಗೂ ಸೇರದೆ ಹೋದ ಒಂಟಿ ಜೀವ” ಎಂದರು. ಇದನ್ನು ಕ್ಷಮಿಸಲಾಗದು. ಸುಂಕದ ಕಚೇರಿಯಲ್ಲಿ ಬದುಕು ಸವೆಸಿ ನಿವೃತ್ತನಾದ ನಾನು ಕಂಡದ್ದನ್ನು ಕಂಡಂತೆ, ಅವರಿಂದಲೇ ಕೇಳಿದ್ದನ್ನು ಕೇಳಿದಂತೆ ಬರೆಯಬಲ್ಲೆ, ಆದ್ದರಿಂದ ಬರೆಯುತ್ತಿದ್ದೇನೆ.

ಅವರು ಮದುವೆಯಾಗಲಿಲ್ಲ ಎಂಬುದು ನಿಜ. ಒಂಟಿಯಾಗಿದ್ದರು ಎಂಬುದು ಸುಳ್ಳು.

ನಮ್ಮ ದ್ವೀಪಗಳಲ್ಲಿ ಪ್ರತಿ ಮನೆಯಿಂದಲೂ ಒಬ್ಬರಾದರೂ ಕಡಲಾಚೆಗೆ ಹೋಗಿರುತ್ತಾರೆ. ಅಕ್ಷರ ಬಾರದ ತಾಯಂದಿರು ಆ ಕಾಲದಲ್ಲಿ ಕಾಗದ ಬರೆಸುತ್ತಿರಲಿಲ್ಲ, ಮಾಂತೆನ್ಯ ಕಳಿಸುತ್ತಿದ್ದರು. ಮಾಂತೆನ್ಯ ಎಂದರೆ ಬಾಯಲ್ಲಿ ಒಯ್ಯುವ ಕ್ಷೇಮದ ಮಾತು. ಒಪ್ಪಿಕೊಂಡ ನಾವಿಕ ಅದನ್ನು ಸೇರಬೇಕಾದವರ ಮುಖ ನೋಡಿಯೇ ಹೇಳಬೇಕು. ಹೇಳಿದವಳ ಮಾತನ್ನು ಬದಲಿಸಬಾರದು. ಅವಳು ಅಳುತ್ತ ಹೇಳಿದ್ದರೆ ಅದನ್ನೂ ಮುಚ್ಚಿಡಬಾರದು. ಸೇರಬೇಕಾದವರು ಸಿಗದಿದ್ದರೆ ಹಿಂದಿರುಗಿ ಬಂದು, ಕಳಿಸಿದವಳ ಮನೆ ಬಾಗಿಲಲ್ಲಿ ನಿಂತು, ಅವಳ ಮಾತನ್ನು ಅವಳಿಗೇ ಒಪ್ಪಿಸಬೇಕು. ಹಾಗೆ ಒಪ್ಪಿಸುವುದು ನಾವಿಕನಿಗೆ ತಲೆ ತಗ್ಗಿಸುವ ಸಂಗತಿ. ಒಂದೇ ಒಂದು ಸಲ ಬಿಟ್ಟರೆ ಕ್ರಿಸಾಂತು ಅವರು ಅಂಥ ಸಂದರ್ಭ ತಂದುಕೊಂಡವರಲ್ಲ.

ಅವರ ಹಡಗು ಹೊರಡುವ ಬೆಳಿಗ್ಗೆ ಹಡಗುಕಟ್ಟೆಯ ಮೇಲೆ ಕೇರಿಯ ಹೆಂಗಸರೆಲ್ಲ ನೆರೆಯುತ್ತಿದ್ದರು. ಮೀನು ಮಾರುವ ದೊಮಿಂಗಾಸ್ ಒಮ್ಮೆ ನನ್ನೆದುರಿಗೇ ಕೂಗಿದ್ದು ನೆನಪಿದೆ.

“ಏ ಕ್ರಿಸಾಂತು, ಡಕಾರ್‌ನಲ್ಲಿ ನನ್ನ ಗಂಡ ಸಿಕ್ಕಿದ್ರೆ ಹೇಳು, ನಾನಿನ್ನೂ ಸತ್ತಿಲ್ಲ ಅಂತ. ಅಲ್ಲಿ ಬೇರೆಯವಳನ್ನ ಇಟ್ಕೊಂಡಿದಾನಂತಲ್ಲ, ಅವಳಿಗೂ ಒಂದು ಮಾಂತೆನ್ಯ ಹೇಳ್ಬಿಡು!”

“ಅವಳಿಗೆ ಏನಂತ ಹೇಳ್ಲಿ, ದೊಮಿಂಗಾಸ್?”

“ರಾತ್ರಿ ಗೊರಕೆ ಹೊಡೀತಾನೆ, ಮಗ್ಗುಲಿಗೆ ತಿರುಗಿಸಿ ಮಲಗಿಸು ಅಂತ!”

ಕಟ್ಟೆಯೇ ನಕ್ಕಿತು. ಕ್ರಿಸಾಂತು ನಗಲಿಲ್ಲ. ಡಕಾರ್‌ನಲ್ಲಿ ಆ ಇನ್ನೊಬ್ಬಳ ಮನೆ ಹುಡುಕಿ, ಟೋಪಿ ತೆಗೆದು ನಿಂತು, ಗೊರಕೆಯ ಮಾತನ್ನು ಹಾಗೆಯೇ ಒಪ್ಪಿಸಿದರು. ಆಕೆ ಬೈಯಲಿಲ್ಲ, ಕೂರಿಸಿ ಮೀನಿನ ಸಾರು ಅನ್ನ ಬಡಿಸಿದಳು, “ಅಕ್ಕನಿಗೆ ಹೇಳಿ, ತಿರುಗಿಸಿದ್ರೂ ಹೊಡೀತಾನೆ” ಎಂದು ಮರುಮಾತು ಕೊಟ್ಟಳು. ಆ ಇಬ್ಬರು ಹೆಂಗಸರು ಮುಂದೆ ಎಷ್ಟೋ ವರ್ಷ ಅವರ ಬಾಯಿಯ ಮೂಲಕವೇ ಅಕ್ಕತಂಗಿಯರಂತೆ ಮಾತಾಡಿಕೊಂಡರು. ರಾಟರ್‌ಡ್ಯಾಮ್‌ನಲ್ಲಿ, ಹ್ಯಾಂಬರ್ಗ್‌ನಲ್ಲಿ, ಲೊಬಿತುವಿನಲ್ಲಿ ಅವರಿಗಾಗಿ ತಟ್ಟೆ ಇಟ್ಟು ಕಾಯುವ ಮನೆಗಳಿದ್ದವು. ಒಂಟಿ ಜೀವವಂತೆ!

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಕೇರಿಯಲ್ಲಿ ಕಾಫಿ ಹುರಿದು ಪುಡಿಮಾಡಿ ಮಾರುತ್ತಿದ್ದ ನ್ಯಾ ಎಪಿಫಾನಿಯಾ ಎಂಬ ವಿಧವೆ ಇದ್ದರು. ಒಬ್ಬನೇ ಮಗ. ಅವನು ಹತ್ತೊಂಬತ್ತರ ಪ್ರಾಯದಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಕಡೆ ಹೋದವನು ಮತ್ತೆ ಸುದ್ದಿಯಿಲ್ಲ. ೧೯೫೮ರಲ್ಲಿ ಕ್ರಿಸಾಂತು ಅವರ ಹಡಗು ಮೊದಲ ಬಾರಿಗೆ ಬ್ಯೂನಸ್ ಐರಿಸ್‌ಗೆ ಹೊರಟಾಗ ಆಕೆ ಮಾಂತೆನ್ಯ ಕೊಟ್ಟರು: “ನನ್ನ ಪಿದುಕಾಗೆ ಹೇಳು. ಅವ್ವ ಚೆನ್ನಾಗಿದಾಳೆ, ಮೊಣಕಾಲು ನೋವು ಅಷ್ಟೇ. ಅವ್ವನಿಗೆ ಕೋಪ ಇಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ತೀಯಾ ಅಂತ ಕೇಳಿದಾಳೆ.”

ಇಲ್ಲಿ ಒಂದು ಮಾತು. ನಮ್ಮಲ್ಲಿ ಯಾರನ್ನೂ ದಾಖಲೆಯ ಹೆಸರಿನಿಂದ ಕರೆಯುವುದಿಲ್ಲ. ತೊಟ್ಟಿಲಲ್ಲಿ ಅಂಟಿದ, ಮನೆಯಲ್ಲಿ ಕರೆಯುವ ಹೆಸರೇ ಗೋರಿಯವರೆಗೂ ನಡೆಯುತ್ತದೆ. ಪಕ್ಕದ ಮನೆಯ ಪಿದುಕಾನ ದಾಖಲೆಯ ಹೆಸರೇನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕ್ರಿಸಾಂತು ಕೇಳಲೂ ಇಲ್ಲ, ಆ ಹುಡುಗ ಬೆಳೆಯುವಾಗ ಕಡಲಲ್ಲೇ ಇದ್ದ ಅವರಿಗೆ ಅವನ ಮುಖದ ಗುರುತೂ ಇರಲಿಲ್ಲ. ಬ್ಯೂನಸ್ ಐರಿಸ್‌ನ ಹಡಗುಕಟ್ಟೆಯಲ್ಲಿ ನಮ್ಮವರನ್ನು ವಿಚಾರಿಸಿದಾಗ, ಮೂಟೆ ಹೊರುವ ಒಬ್ಬ ಯುವಕನನ್ನು ತೋರಿಸಿ, “ಅವನೇ ಪಿದುಕಾ, ಮಿಂದೆಲುವಿಂದ ಬಂದವನು” ಎಂದರು. ಕ್ರಿಸಾಂತು ಅವನೆದುರು ನಿಂತು ಟೋಪಿ ತೆಗೆದರು.

“ನೀನು ಪಿದುಕಾನಾ?”

“ಹೌದು.”

“ನಿಮ್ಮವ್ವ ಮಾಂತೆನ್ಯ ಕಳಿಸಿದಾಳೆ” ಎಂದು ಇಡೀ ಮಾತು ಹೇಳಿದರು.

ಯುವಕ ಹೊತ್ತಿದ್ದ ಮೂಟೆಯನ್ನು ಇಳಿಸಿ ಅದರ ಮೇಲೆಯೇ ಕುಳಿತ. ಆಮೇಲೆ, “ಇನ್ನೊಂದ್ಸಲ ಹೇಳಿ, ನ್ಯೋ” ಎಂದ. ಕ್ರಿಸಾಂತು ಇನ್ನೊಮ್ಮೆ ಹೇಳಿದರು. “ಅವ್ವನಿಗೆ ಹೇಳಿ, ಹೊತ್ತಿಗೆ ಸರಿಯಾಗಿ ಉಣ್ತೀನಿ ಅಂತ. ಮೊಣಕಾಲಿಗೆ ಬಿಸಿ ಉಪ್ಪು ಕಟ್ಟಿಕೊಳ್ಳೋಕೆ ಹೇಳಿ” ಎಂದ.

ಅಂದಿನಿಂದ ಹದಿಮೂರು ವರ್ಷ ಆ ತಾಯಿಯ ಮಾತು ಅತ್ತ ಹೋಯಿತು, ಮಗನ ಮಾತು ಇತ್ತ ಬಂತು. ನ್ಯಾ ಎಪಿಫಾನಿಯಾ ಮೊಣಕಾಲಿಗೆ ಬಿಸಿ ಉಪ್ಪು ಕಟ್ಟಿಕೊಂಡು, ಸಿಕ್ಕಿದವರಿಗೆಲ್ಲ “ನನ್ನ ಮಗ ಹೇಳಿ ಕಳಿಸಿದ ಮದ್ದು” ಎಂದು ತೋರಿಸುತ್ತಿದ್ದರು.

೧೯೭೧ರಲ್ಲಿ ಆಕೆಯ ಮಾಂತೆನ್ಯ ಬೇರೆಯಾಗಿತ್ತು: “ಕಣ್ಣಿಗೆ ಪೊರೆ ಬರ್ತಿದೆ. ಪೂರ್ತಿ ಮುಚ್ಚೋದ್ರೊಳಗೆ ಬಂದು ಒಂದ್ಸಲ ಮುಖ ತೋರಿಸು.”

ಅದನ್ನು ಕೇಳಿದ ಪಿದುಕಾ ಮುಖ ಮುಚ್ಚಿಕೊಂಡ. “ಯಾವ ಮುಖ ತೋರಿಸ್ಲಿ, ನ್ಯೋ ಕ್ರಿಸಾಂತು? ನಾನು ಅವರ ಮಗ ಅಲ್ಲ.”

ಅವನು ಸಾವೊ ನಿಕೊಲಾವು ದ್ವೀಪದವನು. ನಲವತ್ತರ ದಶಕದ ಬರಗಾಲದಲ್ಲಿ ತಂದೆತಾಯಿ, ಅಕ್ಕಂದಿರು ಎಲ್ಲರೂ ಹೋದ ಮೇಲೆ ಯಾರೋ ಅವನನ್ನು ಮಿಂದೆಲುವಿಗೆ ತಂದು ಬಿಟ್ಟಿದ್ದರು. ಅವನನ್ನು ಮನೆಯಲ್ಲಿ ಕರೆಯುತ್ತಿದ್ದುದೂ ಪಿದುಕಾ ಎಂದೇ.

“ಮೊದಲ ದಿನವೇ ಯಾಕೆ ಬೊಗಳ್ಲಿಲ್ಲ?” ಎಂದು ಕ್ರಿಸಾಂತು ಅವನ ಅಂಗಿ ಹಿಡಿದರು. ಅವರು ಮನುಷ್ಯರ ಮೇಲೆ ಕೈ ಹಾಕಿದ್ದನ್ನು ನಾನು ಕೇಳಿದ್ದು ಅದೊಂದೇ ಬಾರಿ.

“ಹೊತ್ತಿಗೆ ಸರಿಯಾಗಿ ಉಣ್ತೀಯಾ ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಹೇಗೆ ಹೇಳೋದು? ಹೊಡೀರಿ ನ್ಯೋ, ಹೊಡೀಬೇಕು ಅನ್ಸಿದ್ರೆ.”

ಕ್ರಿಸಾಂತು ಹೊಡೆಯಲಿಲ್ಲ. ಇನ್ನೊಬ್ಬ ಪಿದುಕಾ ಸಾಂತೋಸ್ ಕಡೆ ಹೋದನೆಂದು ಹಳೆಯ ಹಮಾಲರು ಆಡಿಕೊಳ್ಳುತ್ತಿದ್ದುದನ್ನೂ ಅವನೇ ತಿಳಿಸಿದ. ಹಡಗು ಮರಳುವ ದಾರಿಯಲ್ಲಿ ಬ್ರೆಜಿಲ್‌ನ ಆ ಬಂದರಿನಲ್ಲಿ ನಿಲ್ಲುವುದಿತ್ತು. ಪಿದುಕಾನಿಗೆ ಅದೇ ಹಡಗಿನಲ್ಲಿ ಜಾಗ ಮಾಡಿಸಿ ಕರೆದುಕೊಂಡು ಹೊರಟರು. ಸಾಂತೋಸ್‌ನಲ್ಲಿ ನಮ್ಮವರ ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬ ಹೆಂಗಸು ಸ್ಮಶಾನಕ್ಕೆ ಕರೆದೊಯ್ದು ಜಾಗ ತೋರಿಸಿದಳು. ನಮ್ಮ ಕೇರಿಯ ಪಿದುಕಾ ೧೯೫೩ರಲ್ಲಿಯೇ, ಎದೆಯ ಕಾಯಿಲೆಯಿಂದ, ಅವಳ ಮನೆಯಲ್ಲಿಯೇ ತೀರಿಕೊಂಡಿದ್ದ. ಅಂದರೆ ಮೊದಲ ಮಾಂತೆನ್ಯ ಹೊರಡುವ ಐದು ವರ್ಷ ಮೊದಲೇ.

ಹಡಗು ಮಿಂದೆಲುವಿಗೆ ಬಂದ ಮಧ್ಯಾಹ್ನ ಕ್ರಿಸಾಂತು ನನ್ನನ್ನು ಕಚೇರಿಯಿಂದ ಕರೆದರು. “ಬಾ, ಸಾಕ್ಷಿಗೆ ಒಬ್ಬ ಬೇಕು. ಮಾಂತೆನ್ಯ ವಾಪಸ್ ಒಪ್ಪಿಸ್ಬೇಕು. ಇದೇ ಕೊನೆ, ಇನ್ಮೇಲೆ ಯಾರದ್ದೂ ಹೊರಲ್ಲ” ಎಂದರು.

ನ್ಯಾ ಎಪಿಫಾನಿಯಾ ಹಿತ್ತಲಲ್ಲಿ ಕಾಫಿಬೀಜ ಹುರಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಪಿದುಕಾ ನನ್ನ ಬೆನ್ನ ಹಿಂದೆ ಅಡಗಿದಂತೆ ನಿಂತ. ಕ್ರಿಸಾಂತು ಮುಂದೆ ಹೋಗಿ, ಹದಿಮೂರು ವರ್ಷದ ಮಾತುಗಳನ್ನು, ಆಕೆ ಯಾವ ಯಾವ ಸಲ ಏನೇನು ಹೇಳಿದ್ದರೋ ಹಾಗೆಯೇ, ಒಂದೊಂದಾಗಿ ಒಪ್ಪಿಸಿದರು. ಆಮೇಲೆ ಅವು ಯಾರ ಕಿವಿ ಸೇರಿದ್ದವೆಂಬುದನ್ನೂ ಸಾಂತೋಸ್‌ನ ಸುದ್ದಿಯನ್ನೂ ಹೇಳಿದರು. ಬೀಜ ಕರಕಾಗಿ ಹೊಗೆ ಏಳುತ್ತಿತ್ತು. ಆಕೆ ಸೌಟು ಆಡಿಸಲಿಲ್ಲ.

“ಎದೆನೋವಲ್ಲಿ ನರಳಿದ್ನಾ?”

“ಕೊನೇ ವಾರ ನರಳಿದ್ನಂತೆ, ನ್ಯಾ ಎಪಿಫಾನಿಯಾ. ಆ ಹೆಂಗಸು ಪಕ್ಕದಲ್ಲಿದ್ಳು.”

“ಗೋರಿ ಹತ್ರ ಹೋಗಿದ್ದೆಯಲ್ಲ, ನನ್ನ ಮಾತು ಹೇಳ್ದೆಯಾ?”

“ಎಲ್ಲಾನೂ ಹೇಳ್ದೆ. ಮೊದಲ್ನೇದ್ರಿಂದ.”

“ಹಾಗಾದ್ರೆ ತಲುಪಿತು. ವಾಪಸ್ ಯಾಕೆ ತಂದೆ?”

ಕ್ರಿಸಾಂತು ಪಕ್ಕಕ್ಕೆ ಸರಿದರು. ಆಗ ಆಕೆಯ ಮಂಜುಗಣ್ಣು ಬಾಗಿಲ ಕಡೆ ಹೊರಳಿತು. “ಆ ಇನ್ನೊಬ್ಬ ಎಲ್ಲಿ? ನನ್ನ ಮಾತು ಉಂಡವನು?”

ಪಿದುಕಾ ಹೊಸಿಲ ಮೇಲೆ ಬಂದು ನಿಂತ. ಹಮಾಲಿ ಮಾಡಿ ಉಕ್ಕಾದ ಆಳು, ತಲೆ ಬಗ್ಗಿಸಿದ. ಆಕೆ ಹತ್ತಿರ ಹೋಗಿ ಅವನ ಕೆನ್ನೆಗೆ ಒಂದು ಏಟು ಕೊಟ್ಟರು. ಗಟ್ಟಿಯಾಗಿಯೇ ಕೊಟ್ಟರು, ಶಬ್ದ ನನಗೆ ಕೇಳಿಸಿತು. “ಇದು ಸುಳ್ಳಿಗೆ” ಎಂದರು. ಅದೇ ಕೈಯನ್ನು ಕೆನ್ನೆಯಿಂದ ತೆಗೆಯದೆ ಅವನ ಹಣೆ, ಹುಬ್ಬು, ಗದ್ದ ಎಲ್ಲವನ್ನೂ ಸವರಿ ನೋಡಿದರು.

“ಉಪ್ಪಿನ ಮದ್ದು ಯಾರು ಹೇಳ್ಕೊಟ್ರು ನಿಂಗೆ?”

“ನಮ್ಮವ್ವ ಕಟ್ಕೋತಿದ್ಳು... ಬರಕ್ಕೆ ಮುಂಚೆ.”

ಆಕೆ ಒಳಗೆ ಹೋಗಿ ನೆಲಕ್ಕೆ ಚಾಪೆ ಹಾಸಿದರು, ಕರಿಯ ಶಾಲು ಹೊದ್ದು ಬಂದರು. ಸಾವಿನ ಮನೆಯಲ್ಲಿ ಬಂದವರ ಕೈ ಹಿಡಿದುಕೊಳ್ಳಲು ಮನೆಯ ಗಂಡಸೊಬ್ಬ ಬಾಗಿಲ ಬಳಿ ಕೂರುವುದು ನಮ್ಮ ಪದ್ಧತಿ. ಆಕೆ ಒಂದು ಕುರ್ಚಿ ಎಳೆದು ಬಾಗಿಲಲ್ಲಿಟ್ಟರು.

“ನಿಮ್ಮಣ್ಣ ಹೋಗಿ ಹದಿನೆಂಟು ವರ್ಷ ಆಯ್ತು, ಅತ್ತವರಿಲ್ಲ. ಕೂತ್ಕೋ. ಜನ ಬರ್ತಾರೆ.”

ಪಿದುಕಾ ಕುಳಿತ. ಸುದ್ದಿ ತಿಳಿದು ಮೊದಲು ಬಂದವಳು ದೊಮಿಂಗಾಸ್. “ಇದ್ಯಾರು, ನ್ಯಾ?” ಎಂದಳು.

“ನನ್ನ ಎರಡನೆಯವನು. ಇವನೂ ಪಿದುಕಾನೇ. ಏನೀಗ?”

ದೊಮಿಂಗಾಸ್‌ಳ ನಾಲಗೆಗೆ ಕೇರಿಯೇ ಹೆದರುತ್ತಿತ್ತು. ಅವಳು ಒಂದು ಗಳಿಗೆ ಅವನನ್ನು ನೋಡಿ, ಮೀನಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವನ ಕೈ ಹಿಡಿದಳು. “ಅಣ್ಣ ಹೋದ್ನಂತೆ. ಧೈರ್ಯ ತಂದ್ಕೋ ಮಗಾ.” ಅವಳ ಹಿಂದೆ ಇಡೀ ಕೇರಿ ಬಂತು. ಇವನು ಯಾರೆಂದು ಮತ್ತೊಬ್ಬರು ಕೇಳಲಿಲ್ಲ. ನನ್ನ ಕೇರಿಯ ಬಗ್ಗೆ ನನಗೆ ಹೆಮ್ಮೆಯೆನಿಸಿದ ದಿನಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಕ್ರಿಸಾಂತು ಅಕ್ಕಪಕ್ಕದ ಮನೆಗಳಿಂದ ಬೆಂಚು ಹೊತ್ತು ತಂದು ಹಾಕುತ್ತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನ್ಯಾ ಎಪಿಫಾನಿಯಾ ತುಂಬಿದ ಮನೆಯ ನಡುವಿನಿಂದಲೇ ಕರೆದರು.

“ಕ್ರಿಸಾಂತು, ಹಡಗು ಮತ್ತೆ ಯಾವಾಗ?”

“ಇಪ್ಪತ್ತಕ್ಕೆ. ಆದ್ರೆ ನಾನಿನ್ನು ಯಾರ ಮಾತೂ...”

“ಬಾಯ್ಮುಚ್ಚು. ಸಾಂತೋಸ್‌ನ ಆ ಹೆಂಗಸಿಗೆ ನನ್ನ ಮಾಂತೆನ್ಯ ಇದೆ. ಅವಳ ಹೆಸರು ಕೇಳ್ಕೊಂಡು ಬಂದಿದೀಯ ತಾನೇ? ದಾಖಲೇಲಿ ಇರೋದು.”

“ಕೇಳ್ಕೊಂಡಿದೀನಿ. ಮರಿಯಾ ದಾಸ್ ದೋರೆಸ್ ಫೆರೇರಾ.”

“ಸರಿ. ಅವಳಿಗೆ ಹೇಳು, ಮಗನ ಪಕ್ಕದಲ್ಲಿ ಕೂತಿದ್ದಕ್ಕೆ ಅವ್ವ ಕೈ ಮುಗಿದಿದಾಳೆ ಅಂತ. ಬಟ್ಟೆ ಒಗೆದೂ ಒಗೆದೂ ಕೈ ಒಡೆದಿರುತ್ತೆ, ಏನು ಹಚ್ಕೋತಾಳೆ ಅಂತ ಕೇಳ್ಕೊಂಡು ಬಾ.”

ಕ್ರಿಸಾಂತು ಹೊತ್ತು ತಂದಿದ್ದ ಬೆಂಚನ್ನು ಕೆಳಗಿಟ್ಟು, ಟೋಪಿ ತೆಗೆದು, ತುಂಬಿದ ಮನೆಯ ಎದುರಿಗೆ ಆ ಮಾತನ್ನು ಒಪ್ಪಿಕೊಂಡರು.