ಆಕಳ ಪಾಲು ಸೇರಿಸಿ ಕಲಿಸಿದ ಲೆಕ್ಕ

ಮಗಳು ನಾಲ್ಕನೆಯ ಇಯತ್ತೆಯ ಗಣಿತದಲ್ಲಿ ಒಂದು ಸಲ ನಪಾಸಾಗಿದ್ದಳು. ಮತ್ತೆ ಹಾಗಾದರೆ ಶಾಲೆ ಬಿಡಿಸುವುದೆಂದು ಅತ್ತೆ ಹೇಳಿಬಿಟ್ಟಿದ್ದರು. ಯಜಮಾನರು ತಾಯಿಗೆ ಎದುರು ಮಾತಾಡುವವರಲ್ಲ. ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ನನ್ನ ಪಾಟಿಯನ್ನು ತೊಳೆದು ತಮ್ಮನ ಕೈಗೆ ಕೊಟ್ಟ ದಿನ ಇಂದಿಗೂ ಕಣ್ಣ ಮುಂದಿದೆ. ಮಗಳಿಗೆ ಅಂಥ ದಿನ ಬಾರದಿರಲೆಂದು ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಬೇಡುತ್ತಿದ್ದೆ.

ಅವಳಿಗೆ ತೊಡಕಾದದ್ದು ಭಿನ್ನರಾಶಿ. ನಾವಿದ್ದ ಪುಣೆಯ ಮರಾಠಿ ಶಾಲೆಯಲ್ಲಿ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಆದರೆ ಮೂರಕ್ಕಿಂತ ಐದು ದೊಡ್ಡದು, ಹಾಗಾಗಿ ಮೂರನೇ ಒಂದಕ್ಕಿಂತ ಐದನೇ ಒಂದು ದೊಡ್ಡದು ಎಂದು ಹಟ ಹಿಡಿಯುತ್ತಿದ್ದಳು.

ನನಗೆ ತಿಳಿದದ್ದು ರೊಟ್ಟಿ ಒಂದೇ. ನಮ್ಮ ಮನೆಯಲ್ಲಿ ದಿನದ ಮೊದಲ ರೊಟ್ಟಿ, ಹಾಲು ಕೊಡಲು ಬಾಗಿಲಿಗೆ ಬರುವ ಗೌಳಿಯ ಆಕಳಿಗೆ. ಯುದ್ಧದ ಕಾಲದಲ್ಲಿ ಜೋಳ ರೇಷನ್ನಿಗೆ ಬಂದ ಮೇಲೆ ಇಡೀ ರೊಟ್ಟಿ ಹೋಗಿ ಒಂದು ಚೂರಾಗಿತ್ತು, ಆದರೆ ತಪ್ಪಿರಲಿಲ್ಲ. ಆ ಮೊದಲ ರೊಟ್ಟಿಯನ್ನೇ ಮಗಳ ಮುಂದಿಟ್ಟು ಐದು ಪಾಲು ಮಾಡಿಸತೊಡಗಿದೆ. ಮನೆಯವರು ನಾಲ್ವರು, ಐದನೆಯದು ಆಕಳದ್ದು.

ಸೋಮವಾರ ಅತ್ತೆಗೂ ಯಜಮಾನರಿಗೂ ಉಪವಾಸ. ಅಂದು ಮೂರೇ ಪಾಲು.

"ಅಯ್ಯ! ಉಣ್ಣೋ ಮಂದಿ ಕಡಿಮಿ ಆದ್ರ ಚೂರು ದೊಡ್ಡದಾತಲ್ಲವ್ವಾ!" ಎಂದಳು.

ಅತ್ತೆ ಜಪದ ಮಣೆಯಿಂದಲೇ, "ರೊಟ್ಟಿ ತಿನ್ನಾಕೂ ಗಣಿತ ಬೇಕಾತೇನ?" ಎಂದರು. ಮಗಳಿಗೆ ತಿಳಿದಿತ್ತು, ನನಗೆ ಅಷ್ಟು ಸಾಕಿತ್ತು.

ಬಾಯಿಪರೀಕ್ಷೆಯ ದಿನ ಓಡುತ್ತಲೇ ಬಂದಳು. "ಅವ್ವಾ, ರೊಟ್ಟೀದ ಲೆಕ್ಕಾನ ಕೇಳಿದ್ರು! ಒಂದು ರೊಟ್ಟಿ, ನಾಲ್ಕು ಮಂದಿ, ಒಬ್ಬರಿಗೆ ಎಷ್ಟು ಅಂತ. ಐದನೇ ಒಂದು ಅಂದೆ."

ಹಿಟ್ಟು ನಾದುತ್ತಿದ್ದ ಕೈ ಅಲ್ಲೇ ನಿಂತಿತು. "ನಾಲ್ಕು ಮಂದಿಗೆ ಐದು ಹ್ಯಾಂಗಾತ?"

"ಆಕಳದ್ದು ತಗಿಯೂದು ಬ್ಯಾಡೇನು?"

ಅವಳನ್ನು ಬಯ್ಯಲು ಬಾಯಿ ಬರಲಿಲ್ಲ. ತಪ್ಪು ಕಲಿಸಿದವಳು ನಾನು.

ಮರುದಿನ ದೇವರ ಗುಡಿಗೆ ಹೋಗಿ, ಪ್ರಸಾದದ ಪುಟಾಣಿ ಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗಳ ಕೈ ಹಿಡಿದು ಶಾಲೆಗೆ ನಡೆದೆ. ಅಲ್ಲಿಯ ಹೊಸಿಲು ದಾಟಿದ್ದು ಅದೇ ಮೊದಲು. ಶಿಕ್ಷಕಿ ನಗು ಕಾಣದ ಮುಖದವರು. ನನ್ನ ಹರುಕು ಮರಾಠಿಯಲ್ಲಿ ಎಲ್ಲ ಹೇಳಿ, ತಪ್ಪು ನನ್ನದೆಂದೆ. ಅಲ್ಲಿ ಆಡಿದ್ದೆಲ್ಲ ಮರಾಠಿ. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಶಿಕ್ಷಕಿ ಮಗಳ ಕಡೆ ತಿರುಗಿದರು. "ಆಕಳ ಇಲ್ಲಂದ್ರ?"

"ನಾಲ್ಕನೇ ಒಂದ್ರಿ."

"ಹಂಗಾದ್ರ ಆಕಳಿಗೆ ಕೊಟ್ಟು ಒಬ್ಬೊಬ್ಬರು ಎಷ್ಟು ಕಳಕೊಂಡ್ರಿ?"

ಇದನ್ನು ನಾನು ಕಲಿಸಿರಲಿಲ್ಲ. ನನಗೇ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ದೇವರನ್ನು ನೆನೆದೆ. ಅಷ್ಟರಲ್ಲಿ ಮಗಳು ನನ್ನ ಸೆರಗಿನ ಗಂಟು ಬಿಚ್ಚಿದಳು. ಮೇಜಿನ ಮೇಲೆ ಪುಟಾಣಿಯನ್ನು ಐದೈದರಂತೆ ಸಾಲಿಡುತ್ತ, ಕೆಡಿಸುತ್ತ, ಮತ್ತೆ ಇಡುತ್ತ ಕೊನೆಗೆ ನಾಲ್ಕು ಸಾಲಿಗೆ ನಿಲ್ಲಿಸಿದಳು.

"ಇಪ್ಪತ್ತು ಕಾಳು ಕೂಡಿ ಒಂದು ರೊಟ್ಟಿರಿ. ಇದು ಆಕಳಿಲ್ಲದ ಮನಿ." ಪ್ರತಿ ಸಾಲಿನಿಂದ ಒಂದೊಂದು ಕಾಳು ತೆಗೆದು ಪಕ್ಕಕ್ಕೆ ಕೂಡಿಸಿದಳು. "ಈಗ ಆಕಳದ್ದೂ ನಾಲ್ಕು, ನಮ್ಮವೂ ನಾಲ್ಕ ನಾಲ್ಕು. ಒಬ್ಬೊಬ್ಬರದು ಇಪ್ಪತ್ತರೊಳಗ ಒಂದು ಕಾಳು ಹೋತ್ರಿ. ಅಷ್ಟ."

ಶಿಕ್ಷಕಿ ಬೆರಳಿಟ್ಟು ಆ ಕಾಳುಗಳನ್ನು ಎಣಿಸಿದರು. ಆಮೇಲೆ ಅಂಕಗಳ ಪುಸ್ತಕ ತೆರೆದು ಮಗಳ ಹೆಸರಿನ ಮುಂದೆ ಹಳೆಯ ಅಂಕವನ್ನು ಹೊಡೆದು ಪಾಸೆಂದು ಬರೆದರು. "ಪರೀಕ್ಷಾದಾಗ ಕೇಳಿದ್ದಷ್ಟಕ್ಕ ಉತ್ತರ ಹೇಳು. ಮನ್ಯಾಗ ಹಿಂಗ ಹಂಚು," ಎಂದರು.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡು, ಜಪಮಣಿ ಕೆಳಗಿಟ್ಟರು. "ಆಕಳದ್ದು ಮರೀಲಿಲ್ಲ ಅಂದ್ರ, ಹೋಗ್ಲಿ ಬಿಡು ಸಾಲಿಗೆ."

ಮಗಳು ಒಳಗೆ ಬಂದಿರಲಿಲ್ಲ. ಬಾಗಿಲಿಗೆ ಹೋಗಿ ನೋಡಿದೆ. ಶಾಲೆಯಿಂದ ಮುಷ್ಟಿಯಲ್ಲಿ ಹಿಡಿದು ತಂದಿದ್ದ ನಾಲ್ಕು ಕಾಳುಗಳನ್ನು ಗೌಳಿಯ ಆಕಳಿಗೆ ಅಂಗೈಯಲ್ಲಿ ತಿನ್ನಿಸುತ್ತಿದ್ದಳು.