ಭಟ್ಟರ ನಾಯಿ ನೇರಳೆ

ನಿಟ್ಟೂರಿನಿಂದ ಆಚೆ, ಕೊಡಚಾದ್ರಿಯ ಬುಡದ ಒಂದು ಕೇರಿಯಲ್ಲಿ ಹೇರಂಬ ಭಟ್ಟರೆಂಬವರಿದ್ದರು. ಅವರಿಗೆ ವೇದ ಅರ್ಧ ಬರುತ್ತಿತ್ತು, ಜ್ಯೋತಿಷ್ಯ ಕಾಲು ಬರುತ್ತಿತ್ತು, ನೇರಳೆ ಮಾತ್ರ ಪೂರ್ತಿ ಬರುತ್ತಿತ್ತು. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದುದರಿಂದ ಬೇರೆಯವರು ಹೇಳಬೇಕಾದ ಪ್ರಸಂಗ ಬರಲಿಲ್ಲ.

ನಮ್ಮ ಕಾಡಿನಲ್ಲಿ ನೇರಳೆಯ ಬಳಗ ದೊಡ್ಡದು. ತಿನ್ನುವ ನೇರಳೆ, ಕುಂಟು ನೇರಳೆ, ಹೊಳೆ ನೇರಳೆ, ಪನ್ನೇರಳೆ, ಯಾರಿಗೂ ಬೇಡದ ನಾಯಿ ನೇರಳೆ. ಹೂವು ನೋಡಿದರೆ ಎಲ್ಲವೂ ಬಿಳಿ ಕೇಸರದ ಕುಚ್ಚು. ಎಲೆ ನೋಡಿದರೆ, ಹೊಳೆ ನೇರಳೆಯೊಂದನ್ನು ಬಿಟ್ಟು, ದಾಯಾದಿಗಳ ಮೂಗಿನಂತೆ ಒಂದೇ ಅಚ್ಚು. ಹಣ್ಣು ಬಿಟ್ಟಾಗ ಮಕ್ಕಳೂ ಗುರುತು ಹಿಡಿಯುತ್ತವೆ. ಹಣ್ಣಿಲ್ಲದ ಮಿಕ್ಕ ತಿಂಗಳುಗಳೆಲ್ಲ ಭಟ್ಟರ ರಾಜ್ಯಭಾರ. ಎಲೆ ಕಿತ್ತು ಬೆಳಕಿಗೆ ಹಿಡಿದು, ಅಂಚಿಗುಂಟ ಓಡುವ ನರ ನೋಡಿ, ಅಂಗೈಯಲ್ಲಿ ತಿಕ್ಕಿ ಮೂಸಿ, ತುದಿ ಕಚ್ಚಿ ಉಗಿದು, ಕಣ್ಣು ಮುಚ್ಚುತ್ತಿದ್ದರು. ಕೇಳಲು ಬಂದವನು ಅಷ್ಟರಲ್ಲಿ ಎಲೆ ಅಡಿಕೆಯ ಒಂದು ಕವಳ ಹಾಕಿ ಮುಗಿಸಬಹುದಿತ್ತು. ಆಮೇಲೆ ತೀರ್ಪು. ಊರ ಶಾಲೆಯ ನಾರಾಯಣಮೂರ್ತಿ ಮೇಷ್ಟರು ಒಮ್ಮೆ ಆ ತೀರ್ಪಿಗೆ ತಲೆಯಾಡಿಸಲಿಲ್ಲವೆಂದು ಭಟ್ಟರು ಒಂದು ಮಳೆಗಾಲ ಪೂರ್ತಿ ಅವರೊಡನೆ ಮಾತು ಬಿಟ್ಟಿದ್ದರು. ಮೇಷ್ಟರು ಆ ಮಳೆಗಾಲವನ್ನು ಬಹಳ ನೆಮ್ಮದಿಯಿಂದ ಕಳೆದರು.

ಶರಾವತಿಗೆ ಅಣೆಕಟ್ಟು ಬಂದು ಹಿನ್ನೀರು ಏರಿದ ಕಾಲದಲ್ಲಿ, ತುಮರಿ ಕಡೆಯಲ್ಲಿ ಜಮೀನು ಮುಳುಗಿಸಿಕೊಂಡ ಗುತ್ಯಮ್ಮ ತನ್ನ ಮಗ ಗಿರಿಯಪ್ಪನೊಡನೆ ಭಟ್ಟರ ಪಕ್ಕದ ಜಾಗಕ್ಕೆ ಬಂದಳು. ಅಷ್ಟು ನೀರಿನಿಂದ ಓಡಿ ಬಂದವಳಿಗೆ ಇಲ್ಲಿ ಮೊದಲು ಬೇಕಾದದ್ದು ಬಾವಿ. ಬಾವಿ ತೋಡಿ ಕಲ್ಲು ಕಟ್ಟುವ ಮುಂಚೆ ತಳಕ್ಕೆ ಮರದ ಚೌಕಟ್ಟು ಇಡುವುದು ನಮ್ಮ ಕಡೆಯ ಪದ್ಧತಿ. ನೇರಳೆ ಆಗಬೇಕು, ಇಲ್ಲವೇ ನೆಲ್ಲಿ ಆಗಬೇಕು; ಎರಡೂ ನೀರಿನಲ್ಲಿ ಕೊಳೆಯುವುದಿಲ್ಲ, ನೀರಿಗೆ ರುಚಿ ಕೊಡುತ್ತವೆ. ಬಾವಿಗೆಂದು ಕೇಳಿದರೆ ಮರ ಇದ್ದವನು ಇಲ್ಲ ಎನ್ನಬಾರದು. ಅದೂ ಪದ್ಧತಿಯೇ.

ಭಟ್ಟರ ಹಿತ್ತಿಲಲ್ಲಿ ತಬ್ಬಿದರೆ ಕೈಗೆ ಸಿಗದ ನೇರಳೆ ಮರವಿತ್ತು. ಊರಿನ ಮೂರು ತಲೆಮಾರು ಅದರ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡಿತ್ತು. ಗುತ್ಯಮ್ಮ ಕೇಳಲು ಬಂದಾಗ ಮಾಗಿ ಚಳಿ; ಮರದಲ್ಲಿ ಹಣ್ಣಿರಲಿಲ್ಲ. ಕೊಡಲು ಭಟ್ಟರಿಗೆ ಮನಸ್ಸಿಲ್ಲ, ಇಲ್ಲ ಎನ್ನಲು ಪದ್ಧತಿ ಬಿಡದು. ಅವರು ಎದ್ದು ಹೋಗಿ ತಮ್ಮದೇ ಮರದ ಎಲೆ ಕಿತ್ತು, ಮೂಸಿ, ಕಚ್ಚಿ, ಉಗಿದು, ಕಣ್ಣು ಮುಚ್ಚಿದರು. ಜಗುಲಿಯಲ್ಲಿ ಊರಿನವರೆಲ್ಲ ಕೂತಿದ್ದರು.

"ಇದು ನಾಯಿ ನೇರಳೆ ಗುತ್ಯಮ್ಮ. ಬಾವಿಗೆ ಹಾಕಿದ್ರೆ ನೀರು ಕೆಡ್ತದೆ. ಕೆಳಗೆ ಹಳ್ಳದ ದಂಡೇಲಿ ಇದೆ ನೋಡು, ಅದು ಅಸಲು ನೇರಳೆ."

ಹಳ್ಳದ ದಂಡೆಯದು ಹೊಳೆ ನೇರಳೆ, ಈಚಲ ಗರಿಯಷ್ಟು ಕಿರಿದಾದ ಎಲೆಯದು, ಬಾವಿಗೆ ಯಾರೂ ಹಾಕದ್ದು. ಆ ಹಿತ್ತಿಲ ಹಣ್ಣು ತಿಂದೇ ಬೆಳೆದ ಜಗುಲಿಯವರೆಲ್ಲ ಕವಳದ ತಟ್ಟೆಗೆ ಕೈ ಹಾಕಿದರು. ಗುತ್ಯಮ್ಮ ಆ ದೊಡ್ಡ ಮರವನ್ನೊಮ್ಮೆ, ಭಟ್ಟರನ್ನೊಮ್ಮೆ ನೋಡಿ, ಹಾಗಾದರೆ ಬೇಡ ಬಿಡಿ ಎಂದು ಹೋದಳು. ಗಿರಿಯಪ್ಪ ಬೆಟ್ಟದಿಂದ ನೆಲ್ಲಿ ಮರ ಕಡಿದು ತಂದ. ಅವರ ಬಾವಿಯ ನೀರು ಎಳನೀರಾಯಿತು.

ಎರಡು ಮಳೆಗಾಲ ಕಳೆಯಿತು. ಭಟ್ಟರ ಅಜ್ಜನ ಕಾಲದ ಬಾವಿ ಕುಸಿಯಿತು. ಹೂಳೆತ್ತಿ ಹೊಸದಾಗಿ ಕಟ್ಟಬೇಕು, ತಳಕ್ಕೆ ಹೊಸ ಚೌಕಟ್ಟು ಬೇಕು. ವೆಂಕಟ್ರಮಣ ಆಚಾರಿ ಕೊಡಲಿ, ಗರಗಸ ಹೊತ್ತು ಬಂದ. ಜಗುಲಿ ಅವತ್ತೂ ತುಂಬಿತ್ತು. ಆಚಾರಿ ಹಿತ್ತಿಲ ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ. ಅವನ ಕಾಲಡಿಯಲ್ಲಿ ಹಿಂದಿನ ವರ್ಷದ ನೇರಳೆ ಬೀಜ ಮೊಳಕೆಯೊಡೆದು ನಿಂತಿದ್ದವು. ಅವನು ಮುಖ ಬಹಳ ಗಂಭೀರ ಮಾಡಿಕೊಂಡ.

"ಇದು ನಾಯಿ ನೇರಳೆ ಅಲ್ವಾ ಭಟ್ರೇ? ನಿಮ್ಮ ಬಾಯಲ್ಲೇ ಕೇಳಿದ್ದು. ಹಳ್ಳದ್ದು ಕಡೀತೀನಿ."

ಭಟ್ಟರು ಬಾಯಿ ತೆರೆದರು. ಅಲ್ಲ ಎಂದರೆ ಅವತ್ತು ಸುಳ್ಳು ಹೇಳಿದಂತೆ, ಇಲ್ಲವೇ ನೇರಳೆ ತಿಳಿಯದಂತೆ. ನಾರಾಯಣಮೂರ್ತಿ ಮೇಷ್ಟರು ಕವಳ ಅಗಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಭಟ್ಟರು ಬಾಯಿ ಮುಚ್ಚಿ, ಹೌದೆಂದು ತಲೆಯಾಡಿಸಿದರು. ಕೊಡಲಿ ಹಳ್ಳಕ್ಕಿಳಿಯಿತು.

ಒಳಗೆ ಹೆಂಡತಿ ಮಹಾಲಕ್ಷ್ಮಮ್ಮ ಗಂಡನನ್ನು ಹಿಡಿದು ಕೇಳಿದರಂತೆ: "ನಿಂಗಕ್ಕೆ ಬಾಯಿ ಇಲ್ಯ? ಎಂತಕ್ಕೆ ಸುಮ್ನೆ ಕೂತ್ರಿ?"

"ನಿಂಗೆ ಅದೆಲ್ಲ ಗೊತ್ತಾಗ್ತಿಲ್ಲೆ," ಎಂದರಂತೆ ಭಟ್ಟರು.

ವರ್ಷ ತುಂಬುವುದರೊಳಗೆ ಬಾವಿಯ ನೀರು ಕಂದು ತಿರುಗಿ, ನೆನೆಹಾಕಿದ ಚರ್ಮದ ವಾಸನೆ ಹೊಡೆಯತೊಡಗಿತು. ಭಟ್ಟರು ಅದಕ್ಕೆ ಔಷಧಿ ಗುಣವೆಂದು ಹೆಸರಿಟ್ಟು, ಬಂದವರಿಗೆಲ್ಲ ತಂಬಿಗೆ ತುಂಬ ಕೊಟ್ಟರು. ಬರುವವರು ಕಡಿಮೆಯಾದರು. ಮಹಾಲಕ್ಷ್ಮಮ್ಮ, ಗಂಡ ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ತಮ್ಮದೇ ಹಗ್ಗ, ತಮ್ಮದೇ ಕೊಡ ಹಿಡಿದು ಗುತ್ಯಮ್ಮನ ಬಾವಿಗೆ ಹೋಗತೊಡಗಿದರು. ಮಡಿಗೆ ಹಗ್ಗ ಸಾಕ್ಷಿ.

"ಯಾಕಮ್ಮ, ನಿಮ್ ಬಾವೀಲಿ ನೀರಿಲ್ವಾ?" ಎಂದು ಗುತ್ಯಮ್ಮ ಮೊದಲ ದಿನವೇ ಕೇಳಿದ್ದಳು.

"ನೀರಿದೆ ಗುತ್ಯಮ್ಮ. ಅದರಲ್ಲಿ ಇವರ ತೀರ್ಪು ನೆನೀತಾ ಇದೆ."

ಗುತ್ಯಮ್ಮನ ಬಾವಿಯ ನೀರಿನ ಕಾಫಿ ಕುಡಿದು ಭಟ್ಟರು ತಮ್ಮ ಬಾವಿಯ ತಳದ ಹೊಳೆ ನೇರಳೆಯನ್ನೇ ಹೊಗಳುತ್ತಿದ್ದರು. ಅದಾದರೂ ಸಹಿಸಬಹುದಿತ್ತು, ಜೀವ ಹಿಂಡುತ್ತಿದ್ದದ್ದು ಹಿತ್ತಿಲ ಮರ. ಜ್ಯೇಷ್ಠ ಬಂದರೆ ಅದು ಮೊದಲಿನಂತೆಯೇ ಕಪ್ಪಗೆ, ಉದ್ದುದ್ದ ಹಣ್ಣು ಸುರಿಸುತ್ತಿತ್ತು, ಭಟ್ಟರಿಗೆ ಆ ಹಣ್ಣೆಂದರೆ ಪ್ರಾಣ. ಆದರೆ ನಾಯಿ ನೇರಳೆಯನ್ನು ಮನುಷ್ಯ ತಿನ್ನುವುದುಂಟೇ? ಅವರು ಕೊಟ್ಟಿಗೆಯ ಹಿಂದೆ ಕೂತು ತಿನ್ನುತ್ತಿದ್ದರು. ತಿಂದ ನಾಲಿಗೆ ತೋರಿಸುವ ಹಾಗಿಲ್ಲ. ಹೀಗಾಗಿ ಹೇರಂಬ ಭಟ್ಟರು ಜೀವಮಾನವಿಡೀ ಪ್ರತಿ ಜ್ಯೇಷ್ಠದಲ್ಲಿ ತುಟಿ ಬಿಗಿದುಕೊಂಡೇ ಇದ್ದರು. ಯಾರೇನು ಕೇಳಿದರೂ ಕೈಸನ್ನೆಯಲ್ಲೇ ಉತ್ತರ. ಆ ಒಂದು ತಿಂಗಳು ನಮ್ಮ ಕೇರಿಯಲ್ಲಿ ನೇರಳೆಯ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಿತ್ತು.